ತಾತನ ರಿವಾಲ್ವರ್‌ಗೆ ತುಕ್ಕು ಹಿಡಿದಿದೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮ ತಾತ ತೀರಿಕೊಂಡು ಬಹಳ ವರ್ಷವಾಯಿತು. ಅವರ ಹಳೆಯ ರಿವಾಲ್ವರ್ ಈಗ ಕಾಗದಪತ್ರ ಸಮೇತ ನನ್ನ ಹೆಸರಿಗೆ ಬಂದಿದೆ. ಮಧ್ಯದಲ್ಲಿ ಮಡಚಿ ತೆರೆಯುವ ಮಾದರಿ. ಇಷ್ಟು ವರ್ಷ ಚರ್ಮದ ಹೋಲ್‌ಸ್ಟರ್‌ನಲ್ಲೇ, ಟ್ರಂಕಿನೊಳಗೆ ಇತ್ತು. ಹೊರಗೆ ತೆಗೆದಾಗ ನಳಿಗೆ ಮತ್ತು ಗುಂಡು ತುಂಬುವ ಸಿಲಿಂಡರ್ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಕಂಡವು. ಕೆಲವು ಕಡೆ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ಸಿಲಿಂಡರ್ ಬಿಗಿಯಾಗಿ ತಿರುಗುತ್ತದೆ. ಒಳಗೆ ಗುಂಡು ಇಲ್ಲ ಅಂದುಕೊಂಡಿದ್ದೇನೆ. ಮರದ ಹಿಡಿಯ ಮೇಲೆ ತಾತ ತಮ್ಮ ಹೆಸರಿನ ಮೊದಲ ಅಕ್ಷರ ಕೆತ್ತಿದ್ದಾರೆ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಡು ಎಂದು ಅಣ್ಣ ಹೇಳುತ್ತಾನೆ. ಉಪ್ಪುಕಾಗದದಿಂದ ಉಜ್ಜಿ ಹೊಸದಾಗಿ ಬಣ್ಣ ಕಟ್ಟಿಸು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನನಗೆ ಇದರಿಂದ ಗುಂಡು ಹಾರಿಸುವ ಆಸೆಯಿಲ್ಲ. ಮುಂದೆ ಮಗಳಿಗೆ ಕೊಡಬೇಕು. ತುಕ್ಕು ನಿಂತರೆ ಸಾಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತುಕ್ಕಿನ ಮಾತಲ್ಲ. "ಗುಂಡು ಇಲ್ಲ ಅಂದುಕೊಂಡಿದ್ದೇನೆ" ಅನ್ನುವ ಮಾತು. ದಯವಿಟ್ಟು ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಜನರಿಲ್ಲದ ದಿಕ್ಕಿಗೆ ನಳಿಗೆ ತಿರುಗಿಸಿ, ಟ್ರಿಗರ್‌ನಿಂದ ಬೆರಳು ದೂರ ಇಟ್ಟು, ರಿವಾಲ್ವರ್ ಮಡಚಿ ತೆರೆಯಿರಿ. ಟಾರ್ಚ್ ಹಾಕಿ ಸಿಲಿಂಡರ್‌ನ ಒಂದೊಂದು ತೂತನ್ನೂ ನೋಡಿ. ಆಚೆ ಬದಿಯ ಬೆಳಕು ಕಾಣಬೇಕು. ಯಾವುದಾದರೂ ತೂತಿನಲ್ಲಿ ಹಿತ್ತಾಳೆಯ ತಳ ಕಂಡರೆ, ಅಥವಾ ರಿವಾಲ್ವರ್ ತೆರೆಯದೇ ಹಟ ಹಿಡಿದರೆ, ಅಲ್ಲಿಗೆ ನಿಲ್ಲಿಸಿ. ಕಡ್ಡಿ ತೂರಿಸಿ ಬಡಿಯುವುದು, ಎಣ್ಣೆ ಸುರಿದು ಎಳೆಯುವುದು ಬೇಡ. ಹಳೆಯ ಗುಂಡು ಸತ್ತಿರುತ್ತದೆ ಎಂದು ನಂಬಬಾರದು. ಹತ್ತಾರು ವರ್ಷ ಕಳೆದ ಗುಂಡುಗಳೂ ಸಿಡಿಯುತ್ತವೆ. ಅದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ. ರಿವಾಲ್ವರನ್ನು ಅವರ ಹತ್ತಿರ ಒಯ್ಯುವ ಮೊದಲು ಸಾಗಿಸುವ ನಿಯಮವನ್ನೂ ಕೇಳಿಕೊಳ್ಳಿ. ಅದು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಖಾಲಿ ಇದೆ ಎಂದು ಗೊತ್ತಾಯಿತು ಅಂದುಕೊಳ್ಳೋಣ. ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ರಿವಾಲ್ವರನ್ನು ಹೋಲ್‌ಸ್ಟರ್‌ನಿಂದ ಹೊರಗಿಡಿ, ಮತ್ತೆ ಒಳಗೆ ಹಾಕಬೇಡಿ. ವಿನೆಗರ್ ಬೇಡ, ಉಪ್ಪುಕಾಗದವೂ ಬೇಡ. ತುಕ್ಕು ತೆಗೆಯುವ ಕೆಲಸಕ್ಕೆ ಅವಸರವಿಲ್ಲ. ಇಷ್ಟು ವರ್ಷ ಕಾದ ಕಬ್ಬಿಣ ಇನ್ನು ಹತ್ತು ದಿನದಲ್ಲಿ ಕರಗಿಹೋಗುವುದಿಲ್ಲ. ಆದರೆ ಅವಸರದ ಒಂದು ಗಂಟೆಯಲ್ಲಿ ನೀವು ಮಾಡಿಬಿಡಬಹುದಾದ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ನನ್ನ ಮೇಜಿಗೆ ಬಂದ ಮನೆತನದ ಬಂದೂಕುಗಳಲ್ಲಿ ತುಕ್ಕಿಗಿಂತ ಜಾಸ್ತಿ ಕೆಟ್ಟಿದ್ದು ತುಕ್ಕು ತೆಗೆಯುವ ಉತ್ಸಾಹದಿಂದ.

ವಿನೆಗರ್ ಯಾಕೆ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ. ವಿನೆಗರ್ ತುಕ್ಕನ್ನು ಕರಗಿಸುತ್ತದೆ ನಿಜ. ಹಳೆಯ ಕುಡುಗೋಲಿಗೋ ಸುತ್ತಿಗೆಗೋ ಅದು ನಡೆಯುತ್ತದೆ. ರಿವಾಲ್ವರ್ ಮೇಲಿನ ಆ ನೀಲಿಗಪ್ಪು ಬಣ್ಣದ ಕಥೆ ಬೇರೆ. ಅದು ಬಳಿದ ಪೇಂಟ್ ಅಲ್ಲ. ಅದನ್ನು ಬ್ಲೂಯಿಂಗ್ ಅನ್ನುತ್ತಾರೆ. ಉಕ್ಕಿನ ಮೇಲ್ಮೈಯನ್ನೇ ಹತೋಟಿಯಲ್ಲಿಟ್ಟು ಆಕ್ಸೈಡ್ ಮಾಡಿದಾಗ ಬರುವ ಪದರ ಅದು. ಅಂದರೆ ಅದೂ ಒಂದು ಬಗೆಯ ತುಕ್ಕೇ. ಮ್ಯಾಗ್ನೆಟೈಟ್ ಎಂಬ ಕಪ್ಪು ತುಕ್ಕು. ಹಳೆಯ ಕಾಲದ ಒಂದು ಪದ್ಧತಿಯಲ್ಲಂತೂ ಉಕ್ಕಿಗೆ ಬೇಕೆಂದೇ ಕೆಂಪು ತುಕ್ಕು ಹಿಡಿಸುತ್ತಿದ್ದರು. ಆಮೇಲೆ ನೀರಿನಲ್ಲಿ ಕುದಿಸಿ ಅದನ್ನು ಕಪ್ಪಾಗಿಸುತ್ತಿದ್ದರು. ಮೇಲಿನ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ತುಕ್ಕು ಹಿಡಿಸುತ್ತಿದ್ದರು. ಹೀಗೆ ಹಲವು ಸಲ ಮಾಡಿದ ಮೇಲೆ ಆ ಆಳವಾದ ಬಣ್ಣ ಬರುತ್ತಿತ್ತು.

ವಿನೆಗರ್‌ಗೆ ಕೆಂಪು ತುಕ್ಕು ಯಾವುದು, ಕಪ್ಪು ತುಕ್ಕು ಯಾವುದು ಎಂಬ ಭೇದ ಗೊತ್ತಿಲ್ಲ. ಎರಡನ್ನೂ ತಿನ್ನುತ್ತದೆ. ಆ ಬ್ಲೂಯಿಂಗ್ ಪದರದ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಇರುತ್ತದೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಅಂದಾಜು ಸಿಗುತ್ತದೆ ಅಲ್ವಾ? ಒಮ್ಮೆ ಒಬ್ಬರು ರಾತ್ರಿಯಿಡೀ ವಿನೆಗರ್‌ನಲ್ಲಿ ಮುಳುಗಿಸಿಟ್ಟ ರಿವಾಲ್ವರ್ ತಂದಿದ್ದರು. ತುಕ್ಕು ಒಂದು ಚೂರೂ ಇರಲಿಲ್ಲ. ಕಪ್ಪೂ ಇರಲಿಲ್ಲ. ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದು ಅವರ ತಂದೆಯದು. "ಇದು ಅಪ್ಪನದು ಅನ್ನಿಸುತ್ತಿಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮ್ಲದಿಂದ ಕಣ್ಣಿಗೆ ಕಾಣದ ಇನ್ನೊಂದು ತೊಂದರೆಯೂ ಇದೆ. ಆಮ್ಲ ಉಕ್ಕಿನ ಜೊತೆ ಸೇರುವಾಗ ಹೈಡ್ರೋಜನ್ ಹುಟ್ಟುತ್ತದೆ. ಗಟ್ಟಿಯಾಗಿ ಹದ ಮಾಡಿದ ಸ್ಪ್ರಿಂಗ್‌ನೊಳಗೆ ಅದು ಸೇರಿದರೆ ಸ್ಪ್ರಿಂಗ್ ಪೆಡಸಾಗಬಹುದು, ಒಂದು ದಿನ ಪಟ್ಟನೆ ಮುರಿಯಬಹುದು. ಅಂಗಡಿಯಲ್ಲಿ ಸಿಗುವ ತುಕ್ಕು ತೆಗೆಯುವ ದ್ರಾವಣಗಳಲ್ಲಿ "ಆಮ್ಲ ಇಲ್ಲ, ಲೋಹಕ್ಕೆ ಹಾನಿ ಇಲ್ಲ" ಎಂದು ಬರೆದಿರುವವೂ ಇವೆ. ಲೋಹಕ್ಕೆ ಹಾನಿ ಇಲ್ಲದಿರಬಹುದು. ಬ್ಲೂಯಿಂಗ್ ಮಾತ್ರ ಅವುಗಳಲ್ಲೂ ಹೋಗುತ್ತದೆ. ಕರೆಂಟ್ ಹಾಯಿಸಿ ತುಕ್ಕು ಬಿಡಿಸುವ ವಿಧಾನವೂ ಅಷ್ಟೇ. ಬಣ್ಣ ಪೂರ್ತಿ ಹೋದ ಬರೀ ಕಬ್ಬಿಣದ ತುಂಡಿಗೆ ಅದು ಆಗಬಹುದು, ನಿಮ್ಮದಕ್ಕೆ ಬೇಡ.

ಉಪ್ಪುಕಾಗದದ ಹಾನಿ ಇನ್ನೂ ಆಳದ್ದು. ಅದು ಅಂಚುಗಳನ್ನು ಮೊಂಡು ಮಾಡುತ್ತದೆ, ನಂಬರ್ ಮತ್ತು ಮುದ್ರೆಗಳನ್ನು ಅಳಿಸುತ್ತದೆ. ನಿಮ್ಮ ರಿವಾಲ್ವರ್‌ನ ನಳಿಗೆಯ ಬುಡದಲ್ಲಿ, ಸಿಲಿಂಡರ್‌ನ ತೂತುಗಳ ನಡುವೆ ಸಣ್ಣ ಸಣ್ಣ ಮುದ್ರೆಗಳಿರಬಹುದು. ಕಿರೀಟವೋ, ಅಕ್ಷರಗಳೋ, ಅಡ್ಡ ಹಾಕಿದ ರಾಜದಂಡಗಳೋ. ಅವು ಪರೀಕ್ಷೆಯ ಗುರುತು. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ತಡೆದುಕೊಂಡ ಬಂದೂಕಿಗೆ ಮಾತ್ರ ಹಾಕುತ್ತಿದ್ದ ಮುದ್ರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಇದಕ್ಕೆಂದೇ 1813ರಲ್ಲಿ ಕಾನೂನು ಮಾಡಿ ಪ್ರೂಫ್ ಹೌಸ್ ಸ್ಥಾಪಿಸಿದರು. ಲಂಡನ್, ಬೆಲ್ಜಿಯಂನ ಲೀಯೆಜ್ ಊರುಗಳಲ್ಲೂ ಇಂಥ ಮನೆಗಳಿವೆ. ಬಂದೂಕು ಎಲ್ಲಿ ಪರೀಕ್ಷೆಯಾಯಿತು, ಸುಮಾರು ಯಾವ ಕಾಲದ್ದು ಎಂದು ಹೇಳುವುದು ಈ ಮುದ್ರೆಗಳೇ. ನಂಬರ್ ಅಳಿಸಿಹೋದರೆ ಕಾನೂನಿನ ತೊಂದರೆಯೂ ಬರುತ್ತದೆ. ಏನನ್ನೂ ಮುಟ್ಟುವ ಮೊದಲು ಎಲ್ಲ ಗುರುತುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬದಿಯಿಂದ ಓರೆಯಾಗಿ ಬೆಳಕು ಬಿಟ್ಟರೆ ಮಸುಕಾದ ಅಕ್ಷರವೂ ಎದ್ದು ಕಾಣುತ್ತದೆ.

ಹಾಗಾದರೆ ಕಂಡದ್ದೆಲ್ಲ ತೆಗೆಯಬೇಕಾದ ತುಕ್ಕೇ? ಅಲ್ಲ. ಬಿಳಿ ಹತ್ತಿ ಬಟ್ಟೆಗೆ ಎರಡು ಹನಿ ಬಂದೂಕಿನ ಎಣ್ಣೆ ಹಾಕಿ, ಮೆಲ್ಲಗೆ ಒರೆಸಿ ನೋಡಿ. ಬಟ್ಟೆ ಕಿತ್ತಳೆ ಅಥವಾ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಅಲ್ಲಿ ತುಕ್ಕು ಇನ್ನೂ ಜೀವಂತ ಇದೆ, ಕೆಲಸ ಮಾಡುತ್ತಿದೆ. ಬಟ್ಟೆಗೆ ಏನೂ ಅಂಟದೆ, ಮೇಲ್ಮೈ ನುಣುಪಾಗಿ ಕಂದು ಬಣ್ಣದಲ್ಲಿದ್ದರೆ ಅದು ವಯಸ್ಸಿನ ಬಣ್ಣ. ಅದನ್ನು ಬಿಟ್ಟುಬಿಡಿ. ನಿಮ್ಮ ತಾತನ ಕೈ ಎಲ್ಲಿ ಹಿಡಿಯುತ್ತಿತ್ತು, ಹೋಲ್‌ಸ್ಟರ್ ಎಲ್ಲಿ ತಾಗುತ್ತಿತ್ತು ಎಂಬುದು ಆ ಕಂದು ಬಣ್ಣದಲ್ಲೇ ಇದೆ. ನಿಲ್ಲಿಸಬೇಕಾದ್ದು ತುಕ್ಕನ್ನು, ವಯಸ್ಸನ್ನಲ್ಲ.

ತುಕ್ಕು ಬಂದದ್ದು ಯಾಕೆ ಎಂದು ಗೊತ್ತಾಗದೆ ತೆಗೆದರೆ ಮತ್ತೆ ಬರುತ್ತದೆ. ಕಬ್ಬಿಣ, ಗಾಳಿ, ನೀರು ಮೂರೂ ಸೇರಿದರೆ ತುಕ್ಕು. ನೀರು ಅಂದರೆ ಹನಿಯೇ ಬೀಳಬೇಕಿಲ್ಲ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ತುಕ್ಕಿನ ವೇಗ ಏರುತ್ತದೆ. ಅದಕ್ಕೆ ಉಪ್ಪು ಸೇರಿದರೆ ಇನ್ನೂ ಕಡಿಮೆ ತೇವದಲ್ಲೇ ಕೆಲಸ ಶುರು. ಬೆರಳ ಬೆವರಿನಲ್ಲಿ ಉಪ್ಪಿದೆ. ಬರಿಗೈಯಲ್ಲಿ ಮುಟ್ಟಿ ಒರೆಸದೆ ಇಟ್ಟ ರಿವಾಲ್ವರ್ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಹೋಲ್‌ಸ್ಟರ್. ಬಂದೂಕಿಗೆ ಅದೇ ಸುರಕ್ಷಿತ ಜಾಗ ಎಂದು ಬಹಳ ಜನ ನಂಬಿದ್ದಾರೆ. ಹೊತ್ತು ತಿರುಗುವಾಗ ಸರಿ. ವರ್ಷಗಟ್ಟಲೆ ಇಡಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಹದ ಮಾಡುವಾಗ ಹಾಕಿದ ಉಪ್ಪು, ಆಮ್ಲದ ಅಂಶ ಒಳಗೇ ಇರುತ್ತದೆ. ಅದು ಕಬ್ಬಿಣಕ್ಕೆ ಒತ್ತಿಕೊಂಡು ಕೂತಿರುತ್ತದೆ. ಹಿತ್ತಾಳೆಯ ಗುಂಡಿಗಳ ಸುತ್ತ ಹಸಿರು ಕಿಲುಬು ಇದೆಯಾ ನೋಡಿ. ಇದ್ದರೆ ಚರ್ಮ ಏನು ಮಾಡುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹೋಲ್‌ಸ್ಟರನ್ನು ಎಸೆಯಬೇಡಿ, ಅದೂ ತಾತನದೇ. ಬೇರೆ ಪೆಟ್ಟಿಗೆಯಲ್ಲಿ, ಒಳಗೆ ಆಮ್ಲರಹಿತ ಕಾಗದ ತುಂಬಿ ಆಕಾರ ಉಳಿಯುವಂತೆ ಇಡಿ.

ಮೂರನೆಯ ಕಾರಣ ನಳಿಗೆಯ ಒಳಗಿರುತ್ತದೆ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. 20ನೇ ಶತಮಾನದ ಮಧ್ಯದವರೆಗೂ ಬಹಳಷ್ಟು ಗುಂಡುಗಳ ಪ್ರೈಮರ್‌ನಲ್ಲಿ, ಅಂದರೆ ಕಿಡಿ ಹೊತ್ತಿಸುವ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅದು ಒಂದು ಬಗೆಯ ಉಪ್ಪು. ನಳಿಗೆಯ ಗೀರುಗಳಲ್ಲಿ, ಸಿಲಿಂಡರ್‌ನ ಮುಂದಿನ ಮುಖದಲ್ಲಿ ಕೂತು ತೇವ ಎಳೆಯುತ್ತಲೇ ಇರುತ್ತದೆ. ಎಣ್ಣೆ ಉಪ್ಪನ್ನು ಕರಗಿಸುವುದಿಲ್ಲ. ನೀರು ಮಾತ್ರ ಕರಗಿಸುತ್ತದೆ. ಎಣ್ಣೆ ಹಾಕಿಟ್ಟ ಹಳೆಯ ನಳಿಗೆಯೂ ಒಳಗೆ ಗುಳಿ ಬಿದ್ದಿರುವುದು ಇದರಿಂದಲೇ. ತಾತ ಕಡೆಯ ಸಲ ಹಾರಿಸಿದ ಮೇಲೆ ನೀರಿನಿಂದ ತೊಳೆದಿರದಿದ್ದರೆ ಆ ಉಪ್ಪು ಇವತ್ತಿಗೂ ಅಲ್ಲಿರಬಹುದು.

ಈಗ ಕೆಲಸಕ್ಕೆ ಬರೋಣ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಮೊದಲು ಮರದ ಹಿಡಿ ಬಿಚ್ಚಬೇಕು, ಎಣ್ಣೆ ಕುಡಿದ ಮರ ಕಪ್ಪಾಗಿ ಮೆದುವಾಗುತ್ತದೆ. ಹಿಡಿಯ ತಿರುಪು ಬಿಚ್ಚಲು ಮನೆಯ ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಅದರ ತುದಿ ಬೆಣೆಯಂತೆ ಸಪೂರ ಆಗುತ್ತಾ ಹೋಗುತ್ತದೆ, ತಿರುಪಿನ ತಲೆಯ ಸೀಳಿನಿಂದ ಮೇಲೆ ಜಾರಿ ಲೋಹಕ್ಕೆ ಗೀರು ಹಾಕುತ್ತದೆ. ತುದಿಯ ಎರಡೂ ಬದಿ ಸಮಾನಾಂತರವಾಗಿದ್ದು, ಆ ಸೀಳಿನ ಅಗಲ ಮತ್ತು ದಪ್ಪಕ್ಕೆ ಸರಿಯಾಗಿ ಕೂರುವ ಬಿಟ್ ಬೇಕು. ತಿರುಪು ಅಲ್ಲಾಡದಿದ್ದರೆ ತುಕ್ಕು ಬಿಡಿಸುವ ತೆಳು ಎಣ್ಣೆಯ ಒಂದೇ ಒಂದು ಹನಿಯನ್ನು ಕಡ್ಡಿಯ ತುದಿಯಿಂದ ತಿರುಪಿನ ತಲೆಗೆ ಮುಟ್ಟಿಸಿ, ಸುತ್ತ ಚೆಲ್ಲಿದ್ದನ್ನು ಕೂಡಲೇ ಒರೆಸಿ, ಒಂದು ದಿನ ಬಿಡಿ. ಬಿಚ್ಚಿದ ಮೇಲೆ ಹಿಡಿಯನ್ನು ಮೀಟಬೇಡಿ, ಒಳಬದಿಯಿಂದ ಮೆಲ್ಲಗೆ ತಳ್ಳಿ. ಹಳೆಯ ಮರ ತಿರುಪಿನ ತೂತಿನ ಹತ್ತಿರವೇ ಸೀಳುತ್ತದೆ. ಇಷ್ಟಕ್ಕಿಂತ ಜಾಸ್ತಿ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಪಕ್ಕದ ತಟ್ಟೆ, ಸ್ಪ್ರಿಂಗ್, ಗುಂಡಿನ ತಳಕ್ಕೆ ಬಡಿಯುವ ಹ್ಯಾಮರ್ ಎಲ್ಲ ರಿಪೇರಿಯವರಿಗೆ ಬಿಡಿ.

ಹಿಡಿಯ ಅಡಿಯಲ್ಲಿ ಮುಚ್ಚಿಹೋಗುವ ಲೋಹದ ಭಾಗ ಈಗ ಹೊರಗೆ ಬಂದಿದೆ. ನಿಮ್ಮ ಪ್ರಯೋಗಕ್ಕೆ ಅದೇ ಜಾಗ. ಎಣ್ಣೆ ಸವರಿ, ಒಂದು ರಾತ್ರಿ ಬಿಟ್ಟು, ಕಂಚಿನ ಉಣ್ಣೆಯ, ಅಂದರೆ ಕಂಚಿನ ನವಿರು ಎಳೆಗಳ, ಚಿಕ್ಕ ಉಂಡೆಯಿಂದ ಎರಡು ಬೆರಳಲ್ಲಿ ಹಗುರಾಗಿ ಉಜ್ಜಿ ನೋಡಿ. ಕಂಚು ಉಕ್ಕಿಗಿಂತ ಮೆದು. ತುಕ್ಕಿನ ಹೆಕ್ಕಳೆಯನ್ನು ಎಬ್ಬಿಸುತ್ತದೆ, ಉಕ್ಕಿಗೆ ಗೀರು ಹಾಕುವುದು ಕಡಿಮೆ. ಸ್ಟೀಲ್ ಉಣ್ಣೆಯೇ ಸಿಕ್ಕರೆ ಅತಿ ನಯವಾದ 0000 ದರ್ಜೆಯದು ಮಾತ್ರ, ಅದೂ ಎಣ್ಣೆಯ ಜೊತೆಗೆ. ಒಣಗಿದ್ದಾಗ ಉಜ್ಜಲೇಬಾರದು. ಅದರ ಎಳೆಗಳು ಸಂದಿಯಲ್ಲಿ ಉಳಿದರೆ ಅವೇ ತುಕ್ಕು ಹಿಡಿಯುತ್ತವೆ, ಹಾಗಾಗಿ ಕಂಚೇ ಮೇಲು.

ಬಣ್ಣ ಹೋಗುತ್ತಿಲ್ಲ ಎಂದು ನೋಡಿಕೊಂಡು ನಳಿಗೆಗೆ ಬನ್ನಿ. ತುಕ್ಕಿನ ಮೇಲೆ ಎಣ್ಣೆ ಹಾಕಿ ಎರಡು ಮೂರು ದಿನ ನೆನೆಯಲು ಬಿಡಿ, ಒಣಗಿದಂತೆ ಕಂಡರೆ ಮತ್ತೆ ಹಾಕಿ. ಈ ಕಾಯುವಿಕೆಯೇ ಅರ್ಧ ಕೆಲಸ ಮಾಡುತ್ತದೆ. ಆಮೇಲೆ ನಳಿಗೆಯ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ, ಹಗುರಾಗಿ ಉಜ್ಜಿ. ಕೆಂಪು ಕೆಸರು ಬಂದ ತಕ್ಷಣ ಒರೆಸಿ. ಆ ಕೆಸರೇ ಉಪ್ಪುಕಾಗದದ ಹಾಗೆ ಬಣ್ಣ ತಿನ್ನುತ್ತದೆ. ಹೊಸ ಎಣ್ಣೆ, ಹೊಸ ಉಂಡೆ, ಮತ್ತೆ ಶುರು. ಗಟ್ಟಿಯಾಗಿ ಕೂತ ಹೆಕ್ಕಳೆಗೆ ಹಿತ್ತಾಳೆಯ ತೆಳು ಪಟ್ಟಿಯ ಅಂಚನ್ನು ಬಳಸಬಹುದು. ಅಕ್ಷರಗಳ ಸಂದಿಗೆ ಮರದ ಹಲ್ಲುಕಡ್ಡಿ ಸಾಕು. ಬಟ್ಟೆಗೆ ಕಿತ್ತಳೆ ಬಣ್ಣ ಅಂಟುವುದು ನಿಂತ ಕ್ಷಣ ನೀವೂ ನಿಲ್ಲಿಸಿ. ಇನ್ನೂ ಸ್ವಲ್ಪ ಹೊಳೆಯಲಿ ಅಂತ ಮುಂದುವರಿಯಬೇಡಿ. ತುಕ್ಕಿನ ಅಡಿಯಲ್ಲಿ ಸಣ್ಣ ಗುಳಿಗಳು ಕಂಡರೆ ಬೇಸರ ಮಾಡಿಕೊಳ್ಳಬೇಡಿ. ಅಲ್ಲಿನ ಕಬ್ಬಿಣ ತುಕ್ಕಾಗಿ ಹೋಗಿದೆ, ಅದು ಮರಳಿ ಬರುವುದಿಲ್ಲ. ಗುಳಿ ಹೋಗುವವರೆಗೆ ಉಜ್ಜಬೇಕು ಅಂದರೆ ಸುತ್ತಲಿನ ಒಳ್ಳೆಯ ಉಕ್ಕನ್ನು ಅಷ್ಟು ಆಳಕ್ಕೆ ಇಳಿಸಬೇಕು.

ಈ ಮಾತುಗಳೆಲ್ಲ ಬ್ಲೂಯಿಂಗ್ ಮಾಡಿದ ರಿವಾಲ್ವರ್‌ಗೆ. ಬೆಳ್ಳಿಯಂತೆ ಹೊಳೆಯುವ ನಿಕಲ್ ಲೇಪ ಇದ್ದಿದ್ದರೆ ಉಜ್ಜುವುದೇ ಬೇಡ ಅನ್ನುತ್ತಿದ್ದೆ. ಅಲ್ಲಿ ತುಕ್ಕು ಲೇಪದ ಅಡಿಯಲ್ಲಿ ಹರಡುತ್ತದೆ, ಉಜ್ಜಿದರೆ ಲೇಪ ಪದರ ಪದರವಾಗಿ ಏಳುತ್ತದೆ.

ನಳಿಗೆಯ ಒಳಗೆ ಮತ್ತು ಸಿಲಿಂಡರ್‌ನ ತೂತುಗಳಿಗೆ ಮೊದಲು ನೀರು. ಹೌದು, ನೀರು. ಬಿಸಿಯಾದ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಬಟ್ಟೆಯ ತುಂಡುಗಳನ್ನು ಕಡ್ಡಿಗೆ ಸಿಕ್ಕಿಸಿ ಐದಾರು ಸಲ ಎಳೆಯಿರಿ. ತೊಟ್ಟಿಕ್ಕುವಷ್ಟು ನೀರು ಬೇಡ, ಯಂತ್ರದೊಳಗೆ ಇಳಿಯಬಾರದು. ಕೂಡಲೇ ಒಣ ಬಟ್ಟೆ ಎಳೆಯಿರಿ. ಇಲ್ಲಿ ಡಬ್ಲ್ಯೂಡಿ-40 ಎಂಬ ಸ್ಪ್ರೇ ಉಪಯೋಗಕ್ಕೆ ಬರುತ್ತದೆ. 1953ರಲ್ಲಿ ಅದನ್ನು ತಯಾರಿಸಿದ್ದೇ ನೀರನ್ನು ಹೊರಗೆ ತಳ್ಳಲು. 40ನೇ ಪ್ರಯತ್ನದಲ್ಲಿ ಹದ ಸಿಕ್ಕಿತು ಎಂದು ಆ ಹೆಸರು. ಉಳಿದ ತೇವ ಓಡಿಸಲು ಅದು ಒಳ್ಳೆಯದು. ವರ್ಷಗಟ್ಟಲೆ ಕಾಯಲು ಅದರ ಪೊರೆ ಸಾಲದು. ಹಾಗಾಗಿ ಅದನ್ನು ಒರೆಸಿ ತೆಗೆದು ಬಂದೂಕಿನ ಎಣ್ಣೆ ಸವರಿ. ಅಡುಗೆ ಎಣ್ಣೆ ಯಾವುದೂ ಬೇಡ. ಅದು ಗಾಳಿ ಕುಡಿದು ಅಂಟಾಗುತ್ತದೆ.

ಸಿಲಿಂಡರ್ ಬಿಗಿಯಾಗಿರುವುದಕ್ಕೆ ಅರ್ಧಕ್ಕರ್ಧ ಸಲ ಇಂಥ ಒಣಗಿದ ಹಳೆಯ ಎಣ್ಣೆಯೇ ಕಾರಣ, ತುಕ್ಕಲ್ಲ. ಅದು ತಿರುಗುವ ಅಚ್ಚಿಗೆ ಒಂದೆರಡು ಹನಿ ತೆಳು ಎಣ್ಣೆ ಹಾಕಿ, ಒಂದು ದಿನ ಬಿಟ್ಟು, ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ. ಬಲ ಹಾಕಬೇಡಿ. ಸಡಿಲ ಆಯಿತಾ ಎಂದು ನೋಡಲು ಟ್ರಿಗರ್ ಎಳೆದು ಟಕ್ ಟಕ್ ಅನ್ನಿಸುವುದೂ ಬೇಡ. ತಾತನ ಕಾಲದ ಇಂಥ ರಿವಾಲ್ವರ್‌ಗಳಲ್ಲಿ ಸಾಮಾನ್ಯವಾಗಿ ಹ್ಯಾಮರ್‌ನ ಮೂತಿಯಲ್ಲೇ ಚೂಪಾದ ಮೊಳೆ ಇರುತ್ತದೆ. ಖಾಲಿ ಹೊಡೆದರೆ ಅದು ಮುರಿಯುವ ಅಪಾಯ ಇದೆ, ಬದಲಿ ಸಿಗುವುದು ಕಷ್ಟ.

ಇಷ್ಟಾದರೂ ಕೆಂಪು ಬಿಡದಿದ್ದರೆ ಒಂದು ದಾರಿ ಉಳಿದಿದೆ. ಎಲ್ಲ ಭಾಗ ಬಿಚ್ಚಿ, ಜಿಡ್ಡು ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಅರ್ಧ ಗಂಟೆ ಕುದಿಸುವುದು. ಹಳೆಯ ಬ್ಲೂಯಿಂಗ್‌ನ ಅದೇ ಗುಟ್ಟು. ಕೆಂಪು ತುಕ್ಕು ಕಪ್ಪಾಗುತ್ತದೆ, ಮೇಲಿನ ಪುಡಿಯನ್ನು ಮೆದುವಾಗಿ ತೆಗೆದರೆ ಹಳೆಯ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ನನಗೆ ಬಹಳ ಇಷ್ಟದ ವಿಧಾನ. ಆದರೆ ಪೂರ್ತಿ ಬಿಚ್ಚಿ ಜೋಡಿಸಲು ಬರುವವರೇ ಮಾಡಬೇಕು. ನಿಮ್ಮ ರಿಪೇರಿಯವರನ್ನು ಕೇಳಿ, ಇದು ಗೊತ್ತಿದೆ ಅಂದರೆ ಅವರಿಗೆ ಧೈರ್ಯವಾಗಿ ಕೊಡಿ. ಪಾಲಿಶ್ ಮಾಡಿ ಹೊಸ ಬ್ಲೂಯಿಂಗ್ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಹೊಸ ಬಣ್ಣ ಚೆನ್ನಾಗಿ ಕಾಣುತ್ತದೆ. ಆದರೆ ಹಚ್ಚುವ ಮೊದಲು ಹಳೆಯ ಮೈಯನ್ನು ಕೆರೆದು ಹಾಕಲೇಬೇಕು. ಬಣ್ಣ ಹೋದ ಜಾಗಕ್ಕೆ ಸೀಸೆಯಿಂದ ಹಚ್ಚುವ ಕೋಲ್ಡ್ ಬ್ಲೂ ಸಿಗುತ್ತದೆ. ಅದು ತುಕ್ಕನ್ನು ಅಷ್ಟಾಗಿ ತಡೆಯುವುದಿಲ್ಲ, ಬಣ್ಣ ಕೊಡುತ್ತದೆ ಅಷ್ಟೇ. ಸರಿಯಾಗಿ ತೊಳೆಯದಿದ್ದರೆ ಅದರಿಂದಲೇ ತುಕ್ಕು ಏಳುತ್ತದೆ.

ಇಡುವ ವಿಷಯ. ನೀವು ಬಳಸದೆ ಇಡುವವರು, ಹಾಗಾಗಿ ಹೊರಮೈಗೆ ಎಣ್ಣೆಗಿಂತ ಮೇಣ ಒಳ್ಳೆಯದು. ಎಣ್ಣೆ ನಿಧಾನಕ್ಕೆ ಕೆಳಗೆ ಹರಿದು ಹೋಗುತ್ತದೆ, ಧೂಳು ಹಿಡಿಯುತ್ತದೆ. ಮೈಕ್ರೋಕ್ರಿಸ್ಟಲೈನ್ ಮೇಣ ಹಾಗಲ್ಲ. ಮ್ಯೂಸಿಯಂಗಳಲ್ಲಿ ಬಳಸುವ ರಿನೈಸಾನ್ಸ್ ವ್ಯಾಕ್ಸ್ ಇದೇ ಜಾತಿಯದು, 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಮೇಲಿನ ಎಣ್ಣೆ ಒರೆಸಿ, ಬಟ್ಟೆಯಲ್ಲಿ ಚೂರೇ ಚೂರು ತೆಗೆದು ತೆಳುವಾಗಿ ಸವರಿ, ಒಣಗಿದ ಮೇಲೆ ಮೆಲ್ಲಗೆ ಉಜ್ಜಿ. ಮರದ ಹಿಡಿಗೂ ಅದೇ ಸಾಕು. ತಾತ ಕೆತ್ತಿದ ಅಕ್ಷರದೊಳಗೆ ಮೇಣ ತುಂಬಿ ಬೆಳ್ಳಗಾಗದಂತೆ ಮೆದು ಬ್ರಷ್‌ನಿಂದ ತೆಗೆಯಿರಿ. ಅದರೊಳಗಿನ ಕಪ್ಪನ್ನು ಕೆರೆಯಬೇಡಿ. ಒಳಗಿನ ಯಂತ್ರಕ್ಕೆ, ನಳಿಗೆಯ ಒಳಗೆ ಎಣ್ಣೆಯೇ ಇರಲಿ, ತೆಳುವಾಗಿ.

ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿದರೆ ತುಕ್ಕು ಬರಲ್ಲ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಒಳಗೆ ಸಿಕ್ಕ ತೇವ ಒಳಗೇ ಉಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ 60 ತೇವ ಇರುವ ಗಾಳಿಯನ್ನು ಕಟ್ಟಿಟ್ಟರೆ, ಅದು 12 ಡಿಗ್ರಿಗೆ ತಣ್ಣಗಾದಾಗ ಒಳಗೆ ಇಬ್ಬನಿ ಕೂರುತ್ತದೆ. ಸ್ಪಂಜು ಹಾಕಿದ ಪೆಟ್ಟಿಗೆಯೂ ಚರ್ಮದ ಹಾಗೆಯೇ ತೇವ ಹಿಡಿಯುತ್ತದೆ. ಬೀಗ ಇರುವ ಲೋಹದ ಪೆಟ್ಟಿಗೆ, ಒಳಗೆ ತುಕ್ಕು ತಡೆಯುವ ವಿಸಿಐ ಕಾಗದ, ತೇವ ಹೀರುವ ಸಿಲಿಕಾ ಜೆಲ್‌ನ ಒಂದು ಡಬ್ಬಿ, ತೇವಾಂಶ ತೋರಿಸುವ ಚಿಕ್ಕ ಮೀಟರ್. ಇಷ್ಟು ಸಾಕು. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ತೀರಾ ಒಣಗಿಸಿದರೆ ಮರ ಬಿರಿಯುತ್ತದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ ತಂದರೆ ತೇವ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಕಿತ್ತಳೆ ಬಣ್ಣದ್ದನ್ನು ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಪೆಟ್ಟಿಗೆಯನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಡಬೇಡಿ.

ಹಾರಿಸುವ ಆಸೆ ಇಲ್ಲ ಅಂದಿರಿ, ಒಳ್ಳೆಯದು. ಮಗಳಿಗೆ ಕೊಡುವಾಗಲೂ ಅದನ್ನು ಹೇಳಿ ಕೊಡಿ. ತುಕ್ಕು ತಿಂದ ಹಳೆಯ ಸಿಲಿಂಡರ್‌ನ ಗೋಡೆ ಎಷ್ಟು ಉಳಿದಿದೆ ಎಂದು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಪೆಟ್ಟಿಗೆಯ ಜೊತೆ ಒಂದು ಕಾಗದ ಇಡಿ. ಇದು ಯಾರದು, ಯಾವಾಗ ಯಾವ ಎಣ್ಣೆ, ಯಾವ ಮೇಣ ಹಾಕಿದಿರಿ, ಯಾವ ತಿರುಪು ಹಟ ಮಾಡಿತು ಎಲ್ಲ ಬರೆಯಿರಿ.

ಕೆಲಸ ಮುಗಿದ ಒಂದು ವಾರದ ನಂತರ ಪೆಟ್ಟಿಗೆ ತೆರೆದು, ತುಕ್ಕು ಇದ್ದ ಜಾಗಗಳನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಎಲ್ಲಾದರೂ ಕಿತ್ತಳೆ ಬಣ್ಣ ಬಂದರೆ ಆ ಜಾಗದಲ್ಲಿ ಮಾತ್ರ ಮೇಣ ತೆಗೆದು ಎಣ್ಣೆ, ಕಂಚಿನ ಉಣ್ಣೆಯ ಕೆಲಸ ಮತ್ತೆ ಮಾಡಿ. ಬಟ್ಟೆ ಬೆಳ್ಳಗೇ ಉಳಿದರೆ ಒಂದು ತಿಂಗಳು ಬಿಟ್ಟು ನೋಡಿ, ಆಮೇಲೆ ಮೂರು ತಿಂಗಳಿಗೊಮ್ಮೆ ಸಾಕು.